ನೈರೋಬಿಯಿಂದ ಅಪ್ಪಯ್ಯನವರಿಗೆ

ನೈರೋಬಿ
2 ನವೆಂಬರ್ 1963

ತೀರ್ಥರೂಪರಾದ ಅಪ್ಪಯ್ಯನವರ ಪಾದಗಳಿಗೆ ವಾಸುವಿನ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಅಮ್ಮನಿಗೂ ಅಣ್ಣ ಅತ್ತಿಗೆಯರಿಗೂ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿಮ್ಮ ಕಾಗದ ಮೊನ್ನೆ ಬಂತು. ಹೆಬ್ರಿಯ ಭಾವ ಪತ್ರಿಕೆಯಲ್ಲಿ ಏನನ್ನೋ ಓದಿ, ಅದನ್ನು ಪುಟ್ಟಿಯನ್ನು ನೋಡಿಹೋದವರ ಕಿವಿಗೆ ಹಾಕಿದ್ದು, ಅವರು ‘ಡಿಸೆಂಬರ್ ಕಳೆದರೆ ಆಫ್ರಿಕಾದ ಅಣ್ಣ ಬರಿಗೈಯಲ್ಲಿ ಬಂದಿಳಿಯುತ್ತಾನಂತೆ, ಹೌದೇ?’ ಎಂದು ಕೇಳಿಸಿದ್ದು, ಎಲ್ಲ ತಿಳಿಯಿತು. ನೀವು ನಿದ್ದೆಗೆಟ್ಟಿದ್ದೀರಿ ಎಂದು ಅಣ್ಣ ಅಂಚಿನಲ್ಲಿ ಬರೆದ ಎರಡು ಸಾಲು ಓದಿದ ಮೇಲೆ ನನಗೂ ನಿದ್ದೆ ಬಂದಿಲ್ಲ. ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಮಾಘದಲ್ಲಿ ಪುಟ್ಟಿಯ ಮದುವೆ ನಡೆಯುತ್ತದೆ. ಅದರ ಹಣ ನನ್ನ ಹೊಣೆ. ತೋಟದ ಅಡವಿನ ಕಂತೂ ತಪ್ಪುವುದಿಲ್ಲ. ದಯವಿಟ್ಟು ಆ ಮನೆಯವರಿಗೆ ಧೈರ್ಯವಾಗಿ ಮಾತು ಕೊಡಿ.

ಡಿಸೆಂಬರ್ 12ಕ್ಕೆ ಕೆನ್ಯಾಕ್ಕೆ ಸ್ವಾತಂತ್ರ್ಯ ಬರುವುದು ನಿಜ. ಲಂಡನ್ನಿನ ಮಾತುಕತೆ ಕಳೆದ ತಿಂಗಳು ಮುಗಿಯಿತು. ಆದರೆ ಆ ರಾತ್ರಿ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆಂತರಿಕ ಆಡಳಿತ ಜೂನ್ 1ರಿಂದಲೇ ಇವರ ಕೈಯಲ್ಲಿದೆ. ಮೇ ತಿಂಗಳ ಚುನಾವಣೆಯಲ್ಲಿ ಹುಂಜದ ಗುರುತಿನ ಪಕ್ಷ ಗೆದ್ದು ಜೋಮೊ ಕೆನ್ಯಾಟಾ ಪ್ರಧಾನಮಂತ್ರಿಯಾದರು. ಅಂದಿನಿಂದ ಇಂದಿನವರೆಗೆ ಬಸ್ಸು ಓಡಿದೆ, ಶಾಲೆ ನಡೆದಿದೆ, ತಿಂಗಳ ಕೊನೆಗೆ ನನ್ನ ಸಂಬಳ ಕೈಗೆ ಬಂದಿದೆ. ನೆರೆಯ ಟಾಂಗನ್ಯೀಕ 1961ರಲ್ಲಿ, ಉಗಾಂಡ ಕಳೆದ ವರ್ಷ ಸ್ವತಂತ್ರವಾದವು. ಅಲ್ಲಿಯೂ ನಮ್ಮ ಜನ ಅಂಗಡಿಗಳ ಬಾಗಿಲು ತೆರೆದೇ ಕುಳಿತಿದ್ದಾರೆ.

ಭಾವ ಹೇಳುವ ಕಾಂಗೋದ ಕಥೆ ಬೇರೆ. ಸ್ವಾತಂತ್ರ್ಯ ಬಂದ ಬೆನ್ನಿಗೇ ಗಲಭೆಯೆದ್ದು 1960ರ ಜುಲೈಯಲ್ಲಿ ಅಲ್ಲಿಂದ ಓಡಿಬಂದ ಬೆಲ್ಜಿಯನ್ನರು ಈ ಊರಿಗೂ ಬಂದಿದ್ದರು. ಆಗ ನಾವೂ ಹೆದರಿದ್ದೆವು. ಆದರೆ ಆ ದೇಶದವರಿಗೆ ಆಡಳಿತ ಕಲಿಯಲು ಬೆಲ್ಜಿಯಂ ಅವಕಾಶವನ್ನೇ ಕೊಟ್ಟಿರಲಿಲ್ಲ, ಪದವೀಧರರನ್ನು ಬೆರಳಲ್ಲಿ ಎಣಿಸಬಹುದಿತ್ತು. ಇಲ್ಲಿ 1957ರಲ್ಲಿ ಆಫ್ರಿಕನ್ನರು ಮೊದಲ ಸಲ ತಮ್ಮ ಪ್ರತಿನಿಧಿಗಳನ್ನು ಆರಿಸಿದರು, 1961ರಲ್ಲಿ ಮತ್ತೊಮ್ಮೆ, ಈ ವರ್ಷ ಮಗುದೊಮ್ಮೆ. ಇಲ್ಲಿನ ನಾಯಕ ಟಾಮ್ ಎಂಬೋಯಾ ಅವರ ಪ್ರಯತ್ನದಿಂದ 1959ರಿಂದ ನೂರಾರು ಹುಡುಗರು ವಿಮಾನ ಹತ್ತಿ ಅಮೆರಿಕಕ್ಕೆ ಓದಲು ಹೋಗಿದ್ದಾರೆ.

ಇನ್ನೊಂದು ಮಾತು ನೆನಪಿಸುತ್ತೇನೆ, ಬೇಸರಿಸಬೇಡಿ. ನಿಜವಾಗಿ ಹೆದರಬೇಕಾದ ದಿನಗಳು 1952ರ ನಂತರದವು. ಇಂಗ್ಲಿಷರ ವಿರುದ್ಧ ಕಿಕುಯು ಜನ ದಂಗೆಯೆದ್ದದ್ದರಿಂದ ತುರ್ತುಪರಿಸ್ಥಿತಿ ಘೋಷಿಸಿದ್ದರು. 1954ರ ಏಪ್ರಿಲ್‌ನಲ್ಲಿ ಸೈನಿಕರು ಈ ನಗರವನ್ನು ಸುತ್ತುವರಿದು, ಕಿಕುಯು ಜನಾಂಗದವರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಲಾರಿಗಳಿಗೆ ತುಂಬಿ ಶಿಬಿರಗಳಿಗೆ ಸಾಗಿಸಿದರು. ನಮಗೆ ಹಾಲು ತಂದುಕೊಡುತ್ತಿದ್ದವನೂ ಹೋದ, ಮತ್ತೆ ಕಾಣಲಿಲ್ಲ. ಆಗ ನೀವು ‘ಬಂದುಬಿಡು’ ಎಂದು ಬರೆಯಲಿಲ್ಲ. ಆಳುವವರು ಇಂಗ್ಲಿಷರು, ಹಾಗಾಗಿ ಮಗ ಸುರಕ್ಷಿತ ಎಂದು ಊರಿನಲ್ಲಿ ಎಲ್ಲರೂ ತಿಳಿದಿದ್ದರು. ಈಗ ಆ ಜನ ತಮ್ಮ ಮನೆಯ ಯಜಮಾನರಾಗುವಾಗ ನಾವು ಗಂಟುಮೂಟೆ ಕಟ್ಟುವುದು ನನ್ನ ಮನಸ್ಸಿಗೆ ಸರಿಕಾಣುವುದಿಲ್ಲ. 1934ರಲ್ಲಿ ಗಾಂಧೀಜಿ ಉಡುಪಿಗೆ ಬಂದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದವರು ನೀವು. ನಿಮಗಿಂತ ಹೆಚ್ಚಾಗಿ ಇದು ಯಾರಿಗೆ ಅರ್ಥವಾದೀತು?

ತೋಟ ಮಾಡುವ ನಿಮಗೆ ಇಲ್ಲಿನ ಜಮೀನಿನ ಸಂಗತಿ ಹೇಳಬೇಕು. ಎತ್ತರದ ತಂಪು ಪ್ರದೇಶದ ಒಳ್ಳೆಯ ನೆಲವನ್ನೆಲ್ಲ ಬಿಳಿಯರಿಗೆಂದೇ ಮೀಸಲಿಟ್ಟಿದ್ದರು. ನಮ್ಮವರು ಎಷ್ಟು ಹಣ ಎಣಿಸಿದರೂ ಅಲ್ಲಿ ಒಂದು ಎಕರೆ ಕೊಳ್ಳುವಂತಿರಲಿಲ್ಲ. ಆ ನೆಲದಲ್ಲೇ ಹುಟ್ಟಿದವರು ಅಲ್ಲಿ ಕೂಲಿಗಳು. ಆಫ್ರಿಕನ್ ರೈತ ಕಾಫಿ ಬೆಳೆಯುವುದಕ್ಕೂ ಬಹುಕಾಲ ಅಡ್ಡಿಯಿತ್ತು. 1954ರ ಕೃಷಿ ಯೋಜನೆಯ ನಂತರವೇ ಆ ಬಾಗಿಲು ಸರಿಯಾಗಿ ತೆರೆಯಿತು. ಈಗ ಹತ್ತು ಲಕ್ಷ ಎಕರೆಯನ್ನು ಬಿಳಿಯರಿಂದ ಕ್ರಯಕ್ಕೆ ಪಡೆದು ಸಣ್ಣ ಸಣ್ಣ ಹಿಡುವಳಿಗಳಾಗಿ ಆಫ್ರಿಕನ್ ಕುಟುಂಬಗಳಿಗೆ ಕೊಡುತ್ತಿದ್ದಾರೆ. ಅದಕ್ಕೆ ಬ್ರಿಟನ್ನಿನಿಂದ ಸಾಲ ಬಂದಿದೆ. ರೈತ ಅದನ್ನು ಕಂತಿನಲ್ಲಿ ತೀರಿಸಬೇಕು. ತನ್ನ ಅಜ್ಜನ ನೆಲವನ್ನು ಸಾಲ ಮಾಡಿ ಕೊಳ್ಳುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ನನಗೂ ಅದು ನ್ಯಾಯವೆನಿಸುವುದಿಲ್ಲ. ಆದರೂ ರಕ್ತ ಹರಿಯದೆ ನೆಲ ಕೈ ಬದಲಿಸುತ್ತಿದೆ. ಆಗಸ್ಟ್‌ನಲ್ಲಿ ಕೆನ್ಯಾಟಾ ನಕುರು ಪಟ್ಟಣಕ್ಕೆ ಹೋಗಿ, ತಮ್ಮನ್ನು ಸೆರೆಯಲ್ಲಿಟ್ಟ ಕಾಲದ ಆ ಬಿಳಿಯ ಜಮೀನುದಾರರ ಎದುರಿಗೇ ನಿಂತು, ಹಳೆಯದನ್ನು ಮರೆತು ಉಳಿಯಿರಿ, ಚೆನ್ನಾಗಿ ಬೇಸಾಯ ಮಾಡಿರಿ ಎಂದು ಹೇಳಿ ಬಂದರು. ಕೊನೆಗೆ ಆ ಸಭೆಯೇ ‘ಹರಾಂಬೆ’, ಅಂದರೆ ಎಲ್ಲರೂ ಕೂಡಿ ಎಳೆಯೋಣ, ಎಂದು ಜಯಘೋಷ ಮಾಡಿತಂತೆ. ಪತ್ರಿಕೆ ಓದುತ್ತ ನನ್ನ ಕಣ್ಣು ತುಂಬಿತು.

ಇನ್ನು ಹಣದ ವಿಷಯ, ನಿಮಗೆ ಬೇಕಾದದ್ದು ಅದೇ. ಶಿಲ್ಲಿಂಗ್ ಬೆಲೆ ಕಳೆದುಕೊಳ್ಳುತ್ತದೆ ಎಂದು ಭಾವ ಹೇಳಿದ್ದು ತಪ್ಪು. ಕೆನ್ಯಾ, ಉಗಾಂಡ, ಟಾಂಗನ್ಯೀಕ ಮೂರು ದೇಶಗಳಿಗೂ ಒಂದೇ ನಾಣ್ಯ, ಅದರ ಬೆನ್ನಿಗೆ ಪೌಂಡಿದೆ. ನೂರು ಶಿಲ್ಲಿಂಗ್‌ಗೆ ಅರವತ್ತಾರು ರೂಪಾಯಿ ಚಿಲ್ಲರೆ ಮೊದಲೂ ಸಿಗುತ್ತಿತ್ತು, ಈಗಲೂ ಸಿಗುತ್ತದೆ. 1960ರಲ್ಲಿ ಬಿಳಿಯರು ಗಾಬರಿಯಿಂದ ಬಂಡವಾಳ ಹೊರಗೆ ಕಳುಹಿಸಿದಾಗ ಕಟ್ಟಡದ ಕೆಲಸ ನಿಂತು ನಮ್ಮ ಪಂಜಾಬಿ ಮೇಸ್ತ್ರಿಗಳು ಕಷ್ಟಪಟ್ಟದ್ದು ನಿಜ. ಈಗ ಅದು ಸ್ವಲ್ಪ ಸುಧಾರಿಸಿದೆ.

ನನ್ನ ಕೆಲಸದ ಬಗ್ಗೆ ಏನನ್ನೂ ಮುಚ್ಚಿಡುವುದಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಆಫ್ರಿಕನ್ನರನ್ನು ಮೇಲಿನ ಹುದ್ದೆಗಳಿಗೆ ತರುತ್ತಿದ್ದಾರೆ. ಇಂಗ್ಲೆಂಡಿನಿಂದ ನೇಮಕವಾಗಿ ಬಂದ ಅಧಿಕಾರಿಗಳಿಗೆ ಬಿಟ್ಟುಹೋಗಲು ಪರಿಹಾರಧನವುಂಟು. ಇಲ್ಲಿಯೇ ಸೇರಿದ ನಮ್ಮಂಥವರಿಗೆ ಅದಿಲ್ಲ. ಕಿಸುಮು ಕಡೆಯ ಒಬ್ಬ ಲುವೋ ಜನಾಂಗದ ಯುವಕನನ್ನು ನನ್ನ ಪಕ್ಕದ ಮೇಜಿನಲ್ಲಿ ಕೂರಿಸಿದ್ದಾರೆ, ಲೆಕ್ಕಪತ್ರ ಕಲಿಸುವುದು ನನ್ನ ಕೆಲಸ. ಹುಡುಗ ಬಲು ಚುರುಕು. ಜಮೆ ಖರ್ಚು ತಾಳೆಯಾಗದಿದ್ದರೆ ಊಟಕ್ಕೂ ಏಳುವುದಿಲ್ಲ. ಒಂದು ದಿನ ನನ್ನ ಕುರ್ಚಿ ಅವನದಾಗುತ್ತದೆ. ಒಂದೇ ಕೆಲಸಕ್ಕೆ ಬಿಳಿಯನಿಗೆ ಐದು ಪಾಲು, ನಮಗೆ ಮೂರು ಪಾಲು, ಆಫ್ರಿಕನ್ನನಿಗೆ ಆ ಹುದ್ದೆಯೇ ಇಲ್ಲ ಎನ್ನುವ ಕಾಲವಿತ್ತು. ನಮ್ಮ ಮೂರು ಪಾಲಿಗಾಗಿ ನಾವು ಕೂಗಿದೆವು. ಅವನ ಪಾಲು ಬರುವಾಗ ಕೂಗುವ ಹಕ್ಕು ನನಗಿಲ್ಲ. ಆದರೆ ಅದು ನಾಳೆ ಆಗುವ ಮಾತಲ್ಲ, ಮದುವೆಯ ಮುಂಚೆ ಖಂಡಿತ ಅಲ್ಲ. ಭವಿಷ್ಯನಿಧಿ ಭದ್ರವಾಗಿದೆ. ಈ ಕೆಲಸ ಹೋದರೆ ಗುಜರಾತಿ ವ್ಯಾಪಾರಿಗಳು ಲೆಕ್ಕ ಬಲ್ಲವನನ್ನು ಕರೆದು ಕೂರಿಸುತ್ತಾರೆ, ಈಗಲೇ ಇಬ್ಬರು ಕೇಳಿದ್ದಾರೆ. ನಿಜವಾಗಿಯೂ ಏನೂ ತೊಂದರೆಯಿಲ್ಲ.

ಪೌರತ್ವದ ವಿಷಯ ಮಾತ್ರ ನಿಮ್ಮ ಅಭಿಪ್ರಾಯ ಬೇಕು. ಮಾಣಿ ಇಲ್ಲಿ ಹುಟ್ಟಿದವನು, ಆದರೆ ನಾವಿಬ್ಬರೂ ಇಲ್ಲಿ ಹುಟ್ಟಿದವರಲ್ಲವಾದ್ದರಿಂದ ಅವನಿಗೆ ತಾನಾಗಿ ಪೌರತ್ವ ಬರುವುದಿಲ್ಲ, ಎರಡು ವರ್ಷದೊಳಗೆ ನೋಂದಾಯಿಸಬೇಕು. ನನ್ನದು ಭಾರತದ ಪಾಸ್‌ಪೋರ್ಟ್. ಈ ದೇಶದ ಪ್ರಜೆಯಾಗಬೇಕಾದರೆ ಅದನ್ನು ಬಿಡಬೇಕು. ಇಲ್ಲಿರುವ ಒಂದೂಮುಕ್ಕಾಲು ಲಕ್ಷ ಏಷ್ಯನ್ನರ ಮನೆಮನೆಯಲ್ಲೂ ರಾತ್ರಿ ಇದೇ ಚರ್ಚೆ. ನೆಲೆಸಿದ ದೇಶದ ಜನರೊಂದಿಗೆ ಒಂದಾಗಿ ಎಂದು ನೆಹರೂ ಮೊದಲಿನಿಂದಲೂ ಹೇಳಿದ್ದಾರೆ. ಕೆನ್ಯಾಟಾ ಅವರನ್ನು ಸೆರೆಗೆ ಕಳುಹಿಸಿದ ಕಪೆಂಗುರಿಯಾದ ಮೊಕದ್ದಮೆಯಲ್ಲಿ ಅವರ ಪರವಾಗಿ ನಿಂತ ವಕೀಲರಲ್ಲಿ ಇಲ್ಲಿನ ಕಪಿಲಾ, ಗೋವಾ ಮೂಲದ ಡಿಸೋಜಾ, ಭಾರತದಿಂದ ಬಂದ ದಿವಾನ್ ಚಮನ್ ಲಾಲ್ ಇದ್ದರು. ಅದನ್ನು ಇಲ್ಲಿನವರು ಮರೆತಿಲ್ಲ. ಹಾಗಿದ್ದರೂ ಭಾರತದ ಪಾಸ್‌ಪೋರ್ಟನ್ನು ಕೈಬಿಡುವುದು ಎಂದಾಗ ನನ್ನ ಎದೆ ಹಿಂಡುತ್ತದೆ. ನಿಮ್ಮನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ.

ಅಮ್ಮನಿಗೆ ಹೇಳಿ, ನಾನು ಸೊರಗಿಲ್ಲ. ತೆಂಗಿನಕಾಯಿ ಮೊಂಬಾಸದಿಂದ ಬರುತ್ತದೆ, ಇವಳು ವಾರಕ್ಕೊಮ್ಮೆ ನೀರುದೋಸೆ ಮಾಡುತ್ತಾಳೆ. ಮಾಣಿಗೆ ಇಲ್ಲಿಯವರ ಮೆಕ್ಕೆಜೋಳದ ಹಿಟ್ಟಿನ ಉಗಾಲಿಯೂ ಇಷ್ಟ, ಅದು ಘಟ್ಟದ ಮೇಲಿನವರ ಮುದ್ದೆಯಂತೆಯೇ ಇರುತ್ತದೆ. ಅವನ ತರಗತಿಗೆ ಈ ವರ್ಷ ಆಫ್ರಿಕನ್ ಮಕ್ಕಳೂ ಸೇರಿದ್ದಾರೆ. ಅವರಿಂದ ಸ್ವಾಹಿಲಿಯಲ್ಲಿ ಗಂಟೆ ಹೇಳಲು ಕಲಿತಿದ್ದಾನೆ. ಇವರು ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ಬೆಳಗಿನ ಎಂಟು ಗಂಟೆ ಇವರಿಗೆ ಎರಡು ಗಂಟೆ. ಅಜ್ಜಯ್ಯನ ಪಂಚಾಂಗವೂ ಉದಯದಿಂದಲೇ ಅಲ್ಲವೇ ಎಂದು ಅವನಿಗೆ ಹೇಳಿದ್ದೇನೆ. ಜಕರಂಡ ಮರಗಳು ಹೂಬಿಟ್ಟು ರಸ್ತೆಯೆಲ್ಲ ನೇರಳೆಯಾಗಿದೆ. ಇಂಥ ಊರನ್ನು ಭಾವ ಕಾಡು ಎನ್ನಬಾರದು.

ಪುಟ್ಟಿಯ ಬಂಗಾರದ ಬಗ್ಗೆ: ಕಳೆದ ಜನವರಿಯಿಂದ ಹದಿನಾಲ್ಕು ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಿಸುವಂತಿಲ್ಲವಲ್ಲ, ಅಕ್ಕಸಾಲಿಗನ ಬಳಿ ಅಲೆಯಬೇಡಿ. ಅಮ್ಮನ ಹಳೆಯ ಸರ ಮತ್ತು ಇವಳ ಎರಡು ಬಳೆ ಸಾಕು. ಬಳೆಗಳನ್ನು ಇವಳೇ ಸಂತೋಷದಿಂದ ಕೊಡುತ್ತಿದ್ದಾಳೆ, ನಾನು ಕೇಳಲಿಲ್ಲ. ಜನವರಿಯಲ್ಲಿ ಬೊಂಬಾಯಿಗೆ ಹೋಗುವ ‘ಕರಂಜಾ’ ಹಡಗಿನಲ್ಲಿ ಇವಳನ್ನೂ ಮಾಣಿಯನ್ನೂ ಕಳುಹಿಸುತ್ತೇನೆ. ನನಗೂ ರಜೆ ಸಿಕ್ಕರೆ ಜೊತೆಗೇ ಬರುತ್ತೇನೆ, ಸಿಗುವ ನಂಬಿಕೆಯಿದೆ. ಇದು ಮದುವೆಗೆ ಬರುವುದು, ಓಡಿಬರುವುದಲ್ಲ. ಗಂಡಿನ ಕಡೆಯವರಿಗೆ ಹೀಗೆಂದೇ ಹೇಳಿ.

ಡ್ರಾಫ್ಟ್ ಮಣಿಪಾಲದ ಬ್ಯಾಂಕಿಗೆ ಸೋಮವಾರ ಹೊರಡುತ್ತದೆ. ಸಿಕ್ಕಿದ ಕೂಡಲೇ ಒಂದು ಸಾಲು ಬರೆಯಿರಿ. ರಕ್ತದೊತ್ತಡದ ಮಾತ್ರೆ ನಿಲ್ಲಿಸಬೇಡಿ, ಅಣ್ಣನೇ ಎದುರಿಗೆ ನಿಂತು ಕೊಡಲಿ. ಅಂಚೆಗೆ ಹೊತ್ತಾಯಿತು, ಇವಳು ಬೇರೆ ಬರೆಯುತ್ತಾಳಂತೆ. ದೀಪಾವಳಿಯ ನಮಸ್ಕಾರಗಳು.

ಇಂತು ನಿಮ್ಮ ಆಜ್ಞಾಧಾರಕ ಮಗ,
ವಾಸು

ಮರೆತಿದ್ದೆ: ಗಂಡಿನ ಜಾತಕದ ಪ್ರತಿ ಕಾಗದದೊಳಗೆ ಇರಲಿಲ್ಲ. ಅಣ್ಣನಿಗೆ ಹೇಳಿ ಇನ್ನೊಮ್ಮೆ ಕಳುಹಿಸಿ.