ಮೂವತ್ತು ಮೈಕ್ರಾನಿನ ಋಣ

ಹೋದ ಶುಕ್ರವಾರ ರಾತ್ರಿ ಒಂಬತ್ತೂಕಾಲಿಗೆ ಕಣಗಳ ಜಾಡು ಹಿಡಿಯುವ ನಮ್ಮ ಮೂರನೇ ಸಿಲಿಕಾನ್ ಮಾಡ್ಯೂಲ್ ತಣ್ಣನೆಯ ಪರೀಕ್ಷೆಯ ಪೆಟ್ಟಿಗೆಯಿಂದ ಹೊರಬಂತು. ಮೈನಸ್ 35 ಡಿಗ್ರಿಗೂ ಕೋಣೆಯ ಬಿಸಿಗೂ ನಡುವೆ ಹತ್ತು ಸಲ ಇಳಿದು ಏರಿದ್ದರೂ ಒಂದು ತಂತಿಯೂ ಕಳಚಿರಲಿಲ್ಲ. ಸ್ಕ್ರೀನಿನ ಮೇಲೆ ನಾಯ್ಸ್ ಗ್ರಾಫ್ ಅಜ್ಜಿ ತಟ್ಟಿದ ಅಕ್ಕಿರೊಟ್ಟಿಯ ಹಾಗೆ ಸಮ. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿ "ಆಯ್ತಮ್ಮ" ಅಂದೆ. "ಏನು, ಊಟಾನಾ?" ಅಂದರು.

ಊಟ ಆಗಿರಲಿಲ್ಲ. ಆದರೆ ಐದು ವರ್ಷದ ಕೆಲಸ ಒಂದು ದಡ ಮುಟ್ಟಿತ್ತು. ಬುಧವಾರ ಥೀಸಿಸ್ ಕೂಡ ಕೊಟ್ಟಾಯಿತು. ಅದರ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೊಂದು ಸಾಲಿನ ವಂದನೆ ಇದೆ. ಅದನ್ನು ಓದಬೇಕಾದವರಲ್ಲಿ ಅರ್ಧ ಜನ ಅದನ್ನು ತೆರೆದೂ ನೋಡುವುದಿಲ್ಲ. ಅದಕ್ಕೇ ಇದು.

ಮದುವೆ ಮನೆಗಳಲ್ಲಿ "ನೀನು ಮಾಡೋದೇನಮ್ಮ?" ಅಂತ ಕೇಳಿದವರಿಗೆಲ್ಲ "ಸಿಲಿಕಾನ್ ಡಿಟೆಕ್ಟರ್" ಅಂದು ಹೋಳಿಗೆ ಕಡೆ ಮುಖ ತಿರುಗಿಸಿದ್ದೇನೆ. ಈಗ ಸರಿಯಾಗಿ ಹೇಳುತ್ತೇನೆ. ಜಿನೀವಾ ಹತ್ತಿರ ನೆಲದಡಿ ಸುಮಾರು ನೂರು ಮೀಟರ್ ಆಳದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ 27 ಕಿಲೋಮೀಟರಿನ ಉಂಗುರವಿದೆ, ಎಲ್‌ಎಚ್‌ಸಿ. ಅಲ್ಲಿ ಪ್ರೋಟಾನುಗಳ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲ ಎದುರುಬದುರಾಗುತ್ತವೆ. ಈಗ ಒಂದೊಂದು ಸಲಕ್ಕೆ ಸುಮಾರು 60 ಡಿಕ್ಕಿ. 2030ರ ಹೊತ್ತಿಗೆ ಯಂತ್ರವನ್ನು ಮೇಲ್ದರ್ಜೆಗೇರಿಸಿದ ಮೇಲೆ ಅದು 200ರವರೆಗೂ ಹೋಗಬಹುದು. ಮೆಜೆಸ್ಟಿಕ್‌ನಲ್ಲಿ ಇನ್ನೂರು ಬಸ್ಸು ಒಂದೇ ಪ್ಲಾಟ್‌ಫಾರ್ಮಿಗೆ ಒಂದೇ ಕ್ಷಣಕ್ಕೆ ಬಂದು ಜನರನ್ನು ಸುರಿದವು ಅಂದುಕೊಳ್ಳಿ. ಯಾರು ಯಾವ ಬಸ್ಸಿನಿಂದ ಇಳಿದರು ಅಂತ ಬರೀ ಹೆಜ್ಜೆ ಗುರುತು ನೋಡಿ ಹೇಳಬೇಕು. ಹೆಜ್ಜೆ ಗುರುತು ಹಿಡಿಯುವ ನೆಲವೇ ಸಿಲಿಕಾನ್ ಟ್ರ್ಯಾಕರ್.

ಆ ಉಂಗುರದ ಡಿಕ್ಕಿಗಳನ್ನು ನೋಡುವ ಸಿಎಂಎಸ್ ಎಂಬ ಪ್ರಯೋಗದಲ್ಲಿ ಈಗಿರುವ ನೆಲ ಸವೆದಿದೆ. ವರ್ಷಗಟ್ಟಲೆ ಕಣಗಳ ಏಟು ತಿಂದರೆ ಸಿಲಿಕಾನಿನ ಪರಮಾಣುಗಳು ಜಾಗ ಬಿಟ್ಟು ಕದಲುತ್ತವೆ, ಸೋರುವ ಕರೆಂಟು ಏರುತ್ತದೆ. ಚಳಿಯಲ್ಲಿಟ್ಟರೆ ಮಾತ್ರ ಹತೋಟಿ. ಹಾಗಾಗಿ 2026ರಲ್ಲಿ ಶುರುವಾಗುವ ದೀರ್ಘ ವಿರಾಮದಲ್ಲಿ ಹಳೆಯದನ್ನು ಪೂರ್ತಿ ತೆಗೆದು, ಇಂಗಾಲದ ಡೈಆಕ್ಸೈಡ್ ಹರಿಸಿ ತಂಪಿಡುವ ಹೊಸದನ್ನು ಕೂರಿಸುತ್ತಾರೆ. ಅದರ ಹೊರಭಾಗಕ್ಕೇ ಸುಮಾರು 13,200 ಮಾಡ್ಯೂಲ್ ಬೇಕು. ಭುವನೇಶ್ವರದ ನೈಸರ್ ಎಂಬ ವಿಜ್ಞಾನ ಸಂಸ್ಥೆ ಸೇರಿದಂತೆ ಹಲವು ದೇಶಗಳ ಕೇಂದ್ರಗಳು ಅವನ್ನು ಜೋಡಿಸುತ್ತಿವೆ. ನಮ್ಮದು ಕಲಿಕೆಯ ಮಾಡ್ಯೂಲ್. ಅದು ಜಿನೀವಾಕ್ಕೆ ಹೋಗುವುದಿಲ್ಲ, ನಮ್ಮ ಗಾಜಿನ ಬೀರುವಿನಲ್ಲೇ ಇರುತ್ತದೆ. ಇದನ್ನು ಕೇಳಿ ಚಿಕ್ಕಪ್ಪನ ಮುಖ ಸಣ್ಣಗಾಯಿತು, ಏನು ಮಾಡಲಿ.

ಹೊಸ ಮಾಡ್ಯೂಲಿನ ಜಾಣತನ ನನಗೆ ಇಂದಿಗೂ ಸಾಕಾಗಿಲ್ಲ. ಹತ್ತು ಸೆಂಟಿಮೀಟರ್ ಚೌಕದ ಎರಡು ಸಿಲಿಕಾನ್ ಹಾಳೆ, ನಡುವೆ 1.8 ಮಿಲಿಮೀಟರ್ ಸಂದು. ಹಾಳೆಯ ಮೇಲೆ 90 ಮೈಕ್ರಾನಿಗೊಂದರಂತೆ ಪಟ್ಟಿಗಳು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 3.8 ಟೆಸ್ಲಾ ಅಯಸ್ಕಾಂತದೊಳಗೆ ಕಡಿಮೆ ಆವೇಗದ ಕಣ ಸ್ಕೂಟರಿನಂತೆ ಸರಕ್ಕನೆ ತಿರುಗುತ್ತದೆ. ಹೆಚ್ಚು ಆವೇಗದ್ದು ಹೈವೇಯ ವೋಲ್ವೊ, ಹೆಚ್ಚು ಬಾಗುವುದಿಲ್ಲ. ಕೆಳಗಿನ ಹಾಳೆಯಲ್ಲಿ ಬಿದ್ದ ಗುರುತಿಗೂ ಮೇಲಿನದಕ್ಕೂ ಎಷ್ಟು ಪಟ್ಟಿ ಸರಿದಿದೆ ಎಂದು ಅಲ್ಲೇ ಇರುವ ಚಿಪ್ ನೋಡಿ ಸ್ಕೂಟರುಗಳನ್ನೆಲ್ಲ ಬಾಗಿಲಲ್ಲೇ ಬಿಟ್ಟುಬಿಡುತ್ತದೆ. ಆದರೆ ಎರಡು ಹಾಳೆಯ ಪಟ್ಟಿಗಳೂ ಒಂದರ ಮೇಲೊಂದು ನೇರ ಕೂತಿರಬೇಕು. ಅಡ್ಡಕ್ಕೆ 50 ಮೈಕ್ರಾನ್ ಸರಿದರೂ ಮಾಡ್ಯೂಲ್ ಫೇಲು. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ.

ಹಾಳೆಗಳನ್ನು ಅಳತೆಗೆ ಸರಿಯಾಗಿ ಕೂರಿಸುವ ಅಲ್ಯೂಮಿನಿಯಂ ತಟ್ಟೆ, ಅಂದರೆ ಜಿಗ್, ಮಾಡಿಸಲು ಹೋದದ್ದು ಪೀಣ್ಯ ಎರಡನೇ ಹಂತಕ್ಕೆ. ತಗಡಿನ ಶೆಡ್ಡು, ಮೂರು ಮೆಷಿನ್ನು, ಗೋಡೆಯಲ್ಲಿ ಅಣ್ಣಮ್ಮನ ಫೋಟೊ. ಅಲ್ಲಿನ ಅಣ್ಣ ಡ್ರಾಯಿಂಗ್ ನೋಡಿ, "ಏನ್ ಮೇಡಂ, ಕೂದಲಿಗಿಂತ ಸಣ್ಣ ಲೆಕ್ಕ ಹಿಡ್ಕೊಂಡ್ ಬಂದಿದ್ದೀರ" ಅಂದರು. ಮಾಡಿಕೊಟ್ಟರು. ಅವರ ಶೆಡ್ಡಿನಲ್ಲಿ ಅಳೆದರೆ ಸರಿ, ನಮ್ಮ ಕ್ಲೀನ್ ರೂಮಿನಲ್ಲಿ ಅಳೆದರೆ ತಪ್ಪು. ಎರಡು ತಟ್ಟೆ ಹೀಗೇ ಹೋಯಿತು. ಮನಸ್ಸಿನಲ್ಲಿ ಅವರನ್ನು ಬೈದುಕೊಂಡೆ, ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಮೂರನೇ ಸಲ ಅವರೇ ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೇಡಂ, ನೀವು ಎಸಿ ರೂಮಲ್ಲಿ ಅಳೀತೀರ, ನಾನು ತಗಡಿನ ಕೆಳಗೆ ಅಳೀತೀನಿ. ಇದು ಅಲ್ಯೂಮಿನಿಯಂ, ಕಲ್ಲಲ್ಲ."

ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದೊಂದು ಡಿಗ್ರಿಗೂ 23 ಮೈಕ್ರಾನ್ ಹಿಗ್ಗುತ್ತದೆ ಅಂತ ಪಿಯುಸಿಯಿಂದ ಬಾಯಿಪಾಠ ಮಾಡಿದವಳು ನಾನು. ಏಪ್ರಿಲ್ ಮಧ್ಯಾಹ್ನ ಶೆಡ್ಡಿನಲ್ಲಿ 34 ಡಿಗ್ರಿ, ನಮ್ಮಲ್ಲಿ 21. ಹತ್ತು ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ 30 ಮೈಕ್ರಾನ್. ನಮಗಿದ್ದ 50ರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಂಗಳೂರಿನ ಬಿಸಿಲು ತಿನ್ನುತ್ತಿತ್ತು. ಅಣ್ಣ ಆ ರಾತ್ರಿ ಜಾಬ್ ಅನ್ನು ಸರ್ಫೇಸ್ ಪ್ಲೇಟ್ ಮೇಲೆ ಆರಲು ಬಿಟ್ಟು, ಬೆಳಗಿನ ಜಾವ ಐದಕ್ಕೆ ಬಂದು, ಶೆಡ್ಡು ತಣ್ಣಗಿದ್ದಾಗಲೇ ಲಾಸ್ಟ್ ಕಟ್ ತೆಗೆದರು. ಆ ತಟ್ಟೆಯ ಮೇಲೇ ಶುಕ್ರವಾರದ ಮಾಡ್ಯೂಲ್ ಹುಟ್ಟಿದ್ದು. ಬೆಳಗಿನ ಜಾವದ ಕೆಲಸಕ್ಕೆ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಸೇರಿಸಿಲ್ಲ. (ಆ ಬಿಲ್ಲು ಒಂದು ಕಚೇರಿಯ ಮೇಜಿನ ಮೇಲೆ ನಾಲ್ಕು ತಿಂಗಳು ಮಲಗಿತ್ತು. ಅವರಿಗೆ ಧನ್ಯವಾದ ಇಲ್ಲ.)

ಎರಡನೇ ಮಾಡ್ಯೂಲನ್ನು ಕೊಂದವಳು ನಾನೇ. ಜುಲೈ, ಹೊರಗೆ ಜಿಟಿಜಿಟಿ ಮಳೆ. ಚಳಿಯ ಪರೀಕ್ಷೆ ಚೆನ್ನಾಗಿ ಮುಗಿದಿತ್ತು. ಪೆಟ್ಟಿಗೆಯೊಳಗೆ ಒಣ ನೈಟ್ರೋಜನ್ ಹರಿಯುತ್ತಲೇ ಇದ್ದು, ಮಾಡ್ಯೂಲ್ ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಮುಚ್ಚಳ ತೆಗೆಯಬೇಕು. ನಾನು ಖುಷಿ ತಡೆಯಲಾರದೆ ಮೈನಸ್ ಇಪ್ಪತ್ತರಲ್ಲೇ ತೆಗೆದೆ. ಕಣ್ಣೆದುರೇ ಕನ್ನಡಿಯಂತಿದ್ದ ಸಿಲಿಕಾನ್ ಬೆಳ್ಳಗಾಯಿತು, ಐದು ನಿಮಿಷಕ್ಕೆ ಹನಿಹನಿ ನೀರು. ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ 25 ಮೈಕ್ರಾನಿನ ತಂತಿಗಳ ಬುಡದಲ್ಲೆಲ್ಲ ಬಿಳಿ ಪುಡಿ. ಒಂದು ಮಾಡ್ಯೂಲಿಗೆ ಪಟ್ಟಿಗೊಂದರಂತೆ 4,064 ತಂತಿ. ತಂತಿ ಬೆಸೆಯುವ ಬಾಂಡಿಂಗ್ ಮೆಷಿನ್ ಮುಂದೆ ಕೂತು ಅಷ್ಟನ್ನೂ ಪರೀಕ್ಷಿಸಿದ್ದು ನನ್ನ ಜೂನಿಯರ್ ಹುಡುಗ. ಅವನು ಬಂದು ನೋಡಿ ಏನೂ ಅನ್ನದೆ ಎರಡು ಲೋಟ ಟೀ ತಂದಿಟ್ಟ. ಗೈಡ್ ಸರ್ ಅಂದದ್ದು ಇಷ್ಟೇ: "ಫೋಟೊ ತೆಗೆದಿಡು, ಥೀಸಿಸ್‌ಗೆ ಬೇಕಾಗುತ್ತೆ." ಐದನೇ ಅಧ್ಯಾಯದ ಎರಡನೇ ಚಿತ್ರ ಅದೇ.

ಆಮೇಲೆ ಎರಡು ವಾರ ನಾನು ಲ್ಯಾಬಿಗೆ ಹೋಗಲಿಲ್ಲ. ಹೋಗುವಂತೆ ಮಾಡಿದವರು ಜಾಲಹಳ್ಳಿಯ ಒಬ್ಬ ಆಂಟಿ, ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್‌ನಿಂದ ನಿವೃತ್ತರು. ಬಹಳ ಜನಕ್ಕೆ ಗೊತ್ತಿಲ್ಲ, ಇದೇ ಸಿಎಂಎಸ್‌ನ ಪ್ರೀಶವರ್ ಎಂಬ ಇನ್ನೊಂದು ಡಿಟೆಕ್ಟರಿಗೆ ಸುಮಾರು ಸಾವಿರ ಸಿಲಿಕಾನ್ ಸೆನ್ಸರುಗಳು ಹೋದದ್ದು ನಮ್ಮ ಬೆಂಗಳೂರಿನ ಬಿಇಎಲ್‌ನಿಂದ. ವಿನ್ಯಾಸ ಮುಂಬೈನ ಅಣು ಸಂಶೋಧನಾ ಕೇಂದ್ರ ಬಾರ್ಕ್‌ನದು, ತಯಾರಿ ಇಲ್ಲಿಯದು. ಒಂದೊಂದೂ 6.3 ಸೆಂಟಿಮೀಟರ್ ಚೌಕ, ಅದರಲ್ಲಿ 32 ಪಟ್ಟಿ. 2012ರಲ್ಲಿ ಹಿಗ್ಸ್ ಕಣ ಸಿಕ್ಕಿತು ಅಂತ ಟಿವಿಯಲ್ಲಿ ಬಂದಾಗ ಆಂಟಿ ಕುಕ್ಕರ್ ಕೂಗುವುದನ್ನೂ ಮರೆತು ನೋಡಿದ್ದರಂತೆ. ನನ್ನ ಕಥೆ ಕೇಳಿ ನಕ್ಕುಬಿಟ್ಟರು. "ನಾವು ಎಷ್ಟು ಒಡೆದಿದ್ದೀವಿ ಗೊತ್ತೇನೇ? ಉಸಿರು ಪೂರ್ತಿ ಬಿಟ್ಟ ಮೇಲೆ ಕೈ ಇಡು, ಎಳ್ಕೊಳ್ಳೋವಾಗ ಇಡಬೇಡ." ನಡುಗುವ ನನ್ನ ಬಲಗೈಯನ್ನು ಊಟದ ಮೇಜಿನ ಮೇಲೆ ಒತ್ತಿ ಹಿಡಿದು, ಮಣಿಕಟ್ಟು ಎಲ್ಲಿ ಊರಬೇಕು ಅಂತ ತೋರಿಸಿದರು. ಒಂದು ಕಾಗದದ ಚೌಕ, ಒಂದು ಚಿಮಟ. ಸಂಜೆವರೆಗೂ ಎತ್ತಿ ಇಡಿಸಿದರು. ಮೂರನೇ ಮಾಡ್ಯೂಲಿನ ಹಾಳೆ ಇಡುವಾಗ ಉಸಿರು ಬಿಟ್ಟೇ ಇಟ್ಟೆ, ಆಂಟಿ.

ಕರೆಂಟು ಹೋದ ರಾತ್ರಿಗಳಲ್ಲಿ ಜನರೇಟರ್ ಹತ್ತಿರ ಓಡಿದ ಸೆಕ್ಯೂರಿಟಿ ತಾತನಿಗೆ, ಬಾಡಿಗೆ ತಡವಾದರೂ ಬಾಯಿ ಬಿಡದ ಓನರ್ ಆಂಟಿಗೆ, ಪಿಎಚ್‌ಡಿ ಯಾವಾಗ ಮುಗಿಯುತ್ತೆ ಅಂತ ಒಂದೇ ಒಂದು ಸಲವೂ ಕೇಳದ ಅಪ್ಪನಿಗೆ ನಮಸ್ಕಾರ. ಅಮ್ಮ ಕೇಳಿದ್ದಾರೆ. ತುಂಬ ಸಲ.

ಪೀಣ್ಯದ ಅಣ್ಣ ಇದನ್ನು ಓದುತ್ತಾರೋ ಇಲ್ಲವೋ, ಅವರ ಮಗಳು ಓದುತ್ತಾಳೆ. ಪುಟ್ಟಿ, ಅಪ್ಪನಿಗೆ ಹೇಳು: ಮೊನ್ನೆ ಅಳೆದಾಗ ಅವರ ತಟ್ಟೆಯ ಮೇಲೆ ಕೂರಿಸಿದ ಹಾಳೆಗಳು ಅಡ್ಡಕ್ಕೆ ಸರಿದಿದ್ದು 11 ಮೈಕ್ರಾನ್ ಮಾತ್ರ. ಇನ್ನೂ ನಾಲ್ಕು ತಟ್ಟೆ ಬೇಕು. ಸೋಮವಾರ ಡ್ರಾಯಿಂಗ್ ತರ್ತೀನಿ. ಈ ಸಲ ಬೆಳಗಿನ ಜಾವದ ಚಾರ್ಜ್ ಬಿಲ್ಲಿನಲ್ಲಿ ಬರೆಯದಿದ್ದರೆ ನಾನು ಸಹಿ ಹಾಕಲ್ಲ.