ಮಗಳಿಗೊಂದು ಪತ್ರ: ಮೈಕು ಕೈಬಿಡದ ನಟ

ಚಿ. ನಂದಿನಿಗೆ ಅಮ್ಮನ ಆಶೀರ್ವಾದಗಳು.

ಸ್ಟ್ಯಾಂಡಪ್ ಕಾಮಿಡಿ ಸಿನಿಮಾಕ್ಕೆ ಹತ್ತುವ ಮೆಟ್ಟಿಲು, ಹೆಸರು ಬಂದೊಡನೆ ಅದನ್ನು ಬಿಟ್ಟುಬಿಡುತ್ತೇನೆ ಎಂದು ನೀನು ಬರೆದಿದ್ದಕ್ಕೆ ಉತ್ತರವಾಗಿ ಸ್ಪೇನಿನ ದಾನಿ ರೊವಿರಾ ಎಂಬ ನಟನ ವಿಷಯ ತಿಳಿಸುತ್ತೇನೆ. ಆತ ನಡೆದದ್ದೂ ಇದೇ ದಾರಿಯಲ್ಲಿ. ಆದರೆ ವೇದಿಕೆಯನ್ನು ಮೆಟ್ಟಿಲೆಂದು ಕಂಡವನಲ್ಲ ಎಂಬುದು ನನ್ನ ಅಭಿಪ್ರಾಯ.

ರೊವಿರಾ 1980ರಲ್ಲಿ ದಕ್ಷಿಣ ಸ್ಪೇನಿನ ಮಾಲಗಾದಲ್ಲಿ ಹುಟ್ಟಿದ. ಗ್ರನಾದಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಕ್ರೀಡಾ ವಿಜ್ಞಾನ. ಆ ಊರಿನಲ್ಲೇ ಕಥೆ ಹೇಳುತ್ತ, ಒಬ್ಬನೇ ನಿಂತು ನಗಿಸುತ್ತ ಪಳಗಿ, ಮುಂದೆ ಟಿವಿಯ ಹಾಸ್ಯ ಕಾರ್ಯಕ್ರಮಗಳಿಗೆ ಬಂದ. ದೊಡ್ಡ ಪರದೆಯ ಮುಖ್ಯ ಪಾತ್ರ ದೊರೆತಾಗ ವಯಸ್ಸು 33ರ ಆಸುಪಾಸು.

ಆ ಚಿತ್ರವೇ 2014ರ 'ಓಚೊ ಅಪೆಯಿದೋಸ್ ಬಾಸ್ಕೋಸ್', ಅಂದರೆ 'ಎಂಟು ಬಾಸ್ಕ್ ಮನೆತನದ ಹೆಸರುಗಳು'. ಬಾಸ್ಕರೆಂದರೆ ಸ್ಪೇನಿನ ಉತ್ತರದಲ್ಲಿ ತಮ್ಮದೇ ಭಾಷೆ, ಸಂಸ್ಕೃತಿಯುಳ್ಳ ಜನ. ದಕ್ಷಿಣದ ಸೆವಿಯಾ ನಗರದ ರಫಾ ಎಂಬ ಯುವಕ ಬಾಸ್ಕ್ ಹುಡುಗಿಯನ್ನು ಮೆಚ್ಚಿ ಉತ್ತರದ ಅವಳ ಊರಿಗೆ ಹೋಗಿ, ತಾನೂ ಅಪ್ಪಟ ಬಾಸ್ಕ್ ಎಂದು ಅವಳ ತಂದೆಯ ಮುಂದೆ ನಟಿಸಬೇಕಾಗುತ್ತದೆ. ಚಿತ್ರದ ಆರಂಭದಲ್ಲಿ ರಫಾ ವೇದಿಕೆಯ ಮೇಲೆ ನಿಂತು ಬಾಸ್ಕರ ಬಗ್ಗೆ ಜೋಕು ಹೇಳುತ್ತಿರುತ್ತಾನೆ, ಅಂದರೆ ರೊವಿರಾ ತನ್ನ ಕಸುಬಿನೊಂದಿಗೇ ಪರದೆಯನ್ನು ಪ್ರವೇಶಿಸಿದ. ಇನ್ನೊಂದು ದೃಶ್ಯವನ್ನು ನೀನು ಗಮನವಿಟ್ಟು ನೋಡಬೇಕು. ನಿನ್ನ ಎಂಟು ಬಾಸ್ಕ್ ಮನೆತನದ ಹೆಸರುಗಳನ್ನು ಹೇಳು ಎಂದು ಹುಡುಗಿಯ ತಂದೆ ಕೇಳಿದಾಗ, ಗೋಲ್‌ಕೀಪರ್ ಸುಬಿಸರೇತಾ, ಟಿವಿಯ ಅಡುಗೆಯವ ಅರ್ಗಿನ್ಯಾನೊ ಹೀಗೆ ಬಾಯಿಗೆ ಬಂದ ಪ್ರಸಿದ್ಧರ ಹೆಸರುಗಳನ್ನೆಲ್ಲ ಒಂದೊಂದಾಗಿ ಪೋಣಿಸುತ್ತ, ಸಿಕ್ಕಿಬೀಳುವ ಅಂಚಿನಲ್ಲೇ ಪಟ್ಟಿಯನ್ನು ಮುಗಿಸುತ್ತಾನೆ. ಎರಡು ಹೆಸರುಗಳ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದು ಎದುರಿಗೆ ಜನ ಕೂತ ವೇದಿಕೆಯಲ್ಲಿ ಮಾತ್ರ ಕಲಿಯುವಂಥದ್ದು ಎಂದು ನನಗೆ ಅನ್ನಿಸಿತು. ಬಾಸ್ಕ್ ಪ್ರದೇಶಕ್ಕೆ ಸ್ವಾತಂತ್ರ್ಯ ಬೇಕೆಂದು ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಈಟಿಎ 2011ರಲ್ಲಷ್ಟೇ ಹೋರಾಟ ನಿಲ್ಲಿಸುವುದಾಗಿ ಘೋಷಿಸಿತ್ತು. ಅಂಥ ವಿಷಯದ ಸುತ್ತ ನಗಿಸಲು ಧೈರ್ಯ ಬೇಕಿತ್ತು, ಹದವೂ ಬೇಕಿತ್ತು. 90 ಲಕ್ಷಕ್ಕೂ ಹೆಚ್ಚು ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು, ಗಳಿಕೆ ಸುಮಾರು 5.6 ಕೋಟಿ ಯೂರೊ ತಲುಪಿತು.

ಸ್ಪೇನಿನ ಪ್ರಮುಖ ಸಿನಿಮಾ ಪ್ರಶಸ್ತಿಯಾದ ಗೋಯಾದ 2015ರ ಸಮಾರಂಭವನ್ನು ನಿರೂಪಿಸಿದವನೂ ಆತನೇ, ಅದೇ ರಾತ್ರಿ ಅತ್ಯುತ್ತಮ ಹೊಸ ನಟ ಪ್ರಶಸ್ತಿ ಪಡೆದವನೂ ಆತನೇ. ಮುಂದಿನ ಎರಡು ವರ್ಷವೂ ನಿರೂಪಣೆ ಅವನದೇ ಆಯಿತು. 2017ರಲ್ಲಿ ಮಹಿಳೆಯರ ಪರವಾಗಿ ಕೆಂಪು ಹೈಹೀಲ್ಸ್ ತೊಟ್ಟು ವೇದಿಕೆಗೆ ಬಂದ. (ನಿನ್ನ ಅಪ್ಪ ಇದನ್ನು ಕೇಳಿ ಮೊದಲು ವಿಚಾರಿಸಿದ್ದು ಬಿದ್ದನೇ ಎಂದು.)

ನನಗೆ ಹೆಚ್ಚು ಹಿಡಿಸಿದ್ದು 2016ರ '100 ಮೆತ್ರೋಸ್'. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆಯಿದ್ದೂ ಐರನ್‌ಮ್ಯಾನ್ ಸ್ಪರ್ಧೆಗೆ, ಅಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ ಪೂರ್ಣ ಮ್ಯಾರಥಾನ್ ಓಟಕ್ಕೆ ಸಿದ್ಧನಾದ ರಮೋನ್ ಅರೋಯೊ ಎಂಬಾತನ ನಿಜಜೀವನ ಅದರ ಆಧಾರ. ನಗಿಸುವುದೇ ಅಭ್ಯಾಸವಾದವನಿಗೆ ಮಾತಿಲ್ಲದೆ ದೇಹದಿಂದಲೇ ನಟಿಸುವುದು ಸುಲಭವಲ್ಲ. ಕ್ರೀಡಾ ವಿಜ್ಞಾನದ ಓದು ಅಲ್ಲಿ ಉಪಯೋಗಕ್ಕೆ ಬಂದಿರಬೇಕು. ಆಮೇಲಿನ ಸೂಪರ್‌ಹೀರೊ ಚಿತ್ರದ ಬಗ್ಗೆ ಹೇಳುವಂಥದ್ದೇನಿಲ್ಲ.

2020ರ ಮಾರ್ಚಿನಲ್ಲಿ, ಕೋವಿಡ್ ಹಬ್ಬುತ್ತಿದ್ದ ದಿನಗಳಲ್ಲೇ, ತನಗೆ ಹಾಜ್ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಇದೆಯೆಂದು ರೊವಿರಾ ಬಹಿರಂಗವಾಗಿ ತಿಳಿಸಿದ. ಚಿಕಿತ್ಸೆ ಫಲಿಸಿತು. ಮಾರನೆಯ ವರ್ಷ ನೆಟ್‌ಫ್ಲಿಕ್ಸ್‌ನಲ್ಲಿ 'ಓದಿಯೊ' ಎಂಬ ಆತನ ಸ್ಟ್ಯಾಂಡಪ್ ಕಾರ್ಯಕ್ರಮ ಬಂತು. ಸಿನಿಮಾದಲ್ಲಿ ಅಷ್ಟು ಹೆಸರಿದ್ದವನಿಗೆ ಮತ್ತೆ ಒಬ್ಬನೇ ಮೈಕು ಹಿಡಿದು ನಿಲ್ಲುವ ಅನಿವಾರ್ಯವೇನೂ ಇರಲಿಲ್ಲ. ನಂತರ 2024ರಲ್ಲಿ ಇತರ ರೋಗಿಗಳೊಡನೆ ಬಸ್ಸಿನಲ್ಲಿ ಆಸ್ಪತ್ರೆಗೆ ಓಡಾಡುವ ಕ್ಯಾನ್ಸರ್ ರೋಗಿಯ ಪಾತ್ರವನ್ನೂ ಮಾಡಿದ.

ನೀನು ಸಿನಿಮಾಕ್ಕೆ ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಬಿಟ್ಟುಬಿಡುತ್ತೇನೆ ಎಂದು ಈಗಲೇ ನಿಶ್ಚಯಿಸಿಕೊಂಡು ಈ ವಾರದ ಪ್ರದರ್ಶನಕ್ಕೆ ನಿಲ್ಲಬೇಡ. ಎದುರಿಗೆ ಕೂತವರಿಗೆ ಅದು ತಿಳಿಯುತ್ತದೆ.

ಇತಿ,
ನಿನ್ನ ಅಮ್ಮ