ಕಾರ್ಪೆಟ್ ಸುತ್ತಿಡಿ, ಶ್ರುತಿಗೆ ಸಮಯ ಕೊಡಿ

ಮಾನ್ಯರೇ,

ರಷ್ಯಾದ ಜಾನಪದ ತಂಡಗಳನ್ನು ಕರೆಸುವ ಆಯೋಜಕರು ವೇದಿಕೆಗೆ ಕೆಂಪು ಕಾರ್ಪೆಟ್ ಹಾಸುವುದನ್ನು ದಯವಿಟ್ಟು ಬಿಡಲಿ. ನೃತ್ಯ ಸಂಯೋಜಕಿ ನಾದೆಝ್ದಿನಾ 1948ರಲ್ಲಿ ಕಟ್ಟಿದ ‘ಬೆರಿಯೋಝ್ಕಾ’ ನೃತ್ಯ ತಂಡ ಪ್ರಸಿದ್ಧಗೊಳಿಸಿದ ತೇಲುನಡೆಯನ್ನೇ ನೋಡಿ. ನೆಲ ಮುಟ್ಟುವ ಸರಾಫಾನಿನೊಳಗೆ (ತೋಳಿಲ್ಲದ ಉದ್ದ ನಿಲುವಂಗಿ) ಮಂಡಿ ತುಸು ಸಡಿಲ, ಹಿಮ್ಮಡಿ ಚೂರೇ ಮೇಲೆ, ಅಂಗಾಲಿನ ಮುಂಭಾಗದಲ್ಲಿ ಪುಟಾಣಿ ಹೆಜ್ಜೆಗಳು. ಸೊಂಟದಿಂದ ಮೇಲೆ ಅಲುಗಾಟವೇ ಇಲ್ಲ. ಕಾರ್ಪೆಟ್ಟಿನ ಒಂದು ಮಡಿಕೆಗೆ ಕಾಲು ತಗುಲಿ ತಲೆ ಕುಲುಕಿತೋ, ಮಾಯೆ ಮುಗಿಯಿತು. ಪುರುಷರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಾಲು ಚಾಚುವ ಪ್ರಿಸ್ಯಾದ್ಕಾಗೆ ಬರೀ ಕಾಂಕ್ರೀಟೂ ಆಗದು, ಮಂಡಿಗೆ ಪೆಟ್ಟು. ಮರದ ಹಲಗೆ ಹಾಕಿಸಿ.

ಇನ್ನು ಬಾಲಲೈಕಾ, ತ್ರಿಕೋನ ಒಡಲಿನ ರಷ್ಯನ್ ತಂತಿವಾದ್ಯ. ಹೆಚ್ಚು ಬಳಕೆಯಲ್ಲಿರುವ ‘ಪ್ರಿಮಾ’ ಗಾತ್ರದ್ದಕ್ಕೆ ಮೂರು ತಂತಿ: ಎರಡು ನೈಲಾನ್ ಒಂದೇ ಸ್ವರಕ್ಕೆ, ಮೂರನೆಯದು ಉಕ್ಕಿನದು. ನಮ್ಮ ಲೆಕ್ಕದಲ್ಲಿ ಸ–ಸ–ಮ. ತೋರುಬೆರಳಲ್ಲಿ ಮೀಟುವ ಈ ವಾದ್ಯದ ದನಿಯನ್ನು ಪಕ್ಕದ ಬಯಾನ್ (ಗುಂಡಿಗಳಿರುವ ರಷ್ಯನ್ ಅಕಾರ್ಡಿಯನ್) ಸಲೀಸಾಗಿ ನುಂಗುತ್ತದೆ. ಹಾಗಾಗಿ ಅದಕ್ಕೆ ಪ್ರತ್ಯೇಕ ಮೈಕ್ ಬೇಕು, ಬಯಾನ್‌ಗೆ ಬಹಳ ಸಲ ಬೇಕಾಗುವುದೇ ಇಲ್ಲ. ದೀಪದ ಶಾಖಕ್ಕೆ ನೈಲಾನ್ ಸಡಿಲಾಗಿ ಶ್ರುತಿ ಇಳಿಯುತ್ತದೆ. ವಾದ್ಯವನ್ನು ಅರ್ಧ ಗಂಟೆ ಅದೇ ದೀಪದಡಿ ಇಟ್ಟು ಶ್ರುತಿ ಮಾಡಿಕೊಳ್ಳಲು ವೇದಿಕೆ ಬಿಟ್ಟುಕೊಡಿ. ಗಣ್ಯರ ಭಾಷಣಗಳನ್ನು (ಅವು ಇದ್ದೇ ಇರುತ್ತವೆ) ಪರದೆಯ ಮುಂದೆ ನಡೆಸಬಹುದು.

– ರಂಗಾಸಕ್ತರು, ಮೈಸೂರು